ಓದುಗರ ಪ್ರಶ್ನೆ: ಸಕ್ಕರೆ ಹೊದ್ದ ಕಣ ಪ್ರೋಟೀನನ್ನು ಹಿಡಿಯೋದು ಹೇಗೆ?

ಪ್ರಶ್ನೆ: ಸರ್, ಸಕ್ಕರೆ ಹೊದಿಕೆಯ ನ್ಯಾನೋ ಕಣಗಳು ತಾವಾಗಿಯೇ ಜೋಡಣೆಯಾಗಿ ಪ್ರೋಟೀನ್‌ಗೆ ಅಂಟಿಕೊಳ್ಳುತ್ತವೆ ಅಂತ ಕಾಲೇಜಿನ ಸೆಮಿನಾರ್‌ನಲ್ಲಿ ಹೇಳಿದರು. ತಾವಾಗಿಯೇ ಅಂದರೆ ಹೇಗೆ? ಸಕ್ಕರೆಯೇ ಯಾಕೆ? ನಮ್ಮ ಮಂಡ್ಯದ ಸಕ್ಕರೆ ಇದಕ್ಕೆ ಆಗುತ್ತಾ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಮದ್ದೂರು

ಉತ್ತರ: ಕೊನೇದನ್ನು ಮೊದಲು ಹೇಳಿಬಿಡ್ತೀನಮ್ಮ. ಕಬ್ಬಿನ ಸಕ್ಕರೆ ಅಂದರೆ ಸುಕ್ರೋಸ್. ಈ ಕಣಗಳ ಮೇಲೆ ಸಾಮಾನ್ಯವಾಗಿ ಇರೋದು ಮ್ಯಾನೋಸ್, ಗ್ಯಾಲಕ್ಟೋಸ್, ಲ್ಯಾಕ್ಟೋಸ್ ಥರದವು. ಇಲ್ಲಿ ಸಿಹಿಯ ಮಾತೇ ಇಲ್ಲ.

ಇದಕ್ಕೆ ಬಳಸುವ ಅಣುವಿನ ಒಂದು ತುದಿಯಲ್ಲಿ ಸಕ್ಕರೆ ಇರುತ್ತದೆ, ಅದು ನೀರಿಗೆ ಹೊಂದಿಕೊಳ್ಳುತ್ತದೆ. ಇನ್ನೊಂದು ತುದಿ ಎಣ್ಣೆ ಜಾತಿಯದು, ಅದಕ್ಕೆ ನೀರು ಆಗಿಬರಲ್ಲ. ನೀರಿಗೆ ಹಾಕಿದ ಕೂಡಲೇ ಎಣ್ಣೆ ತುದಿಗಳು ಒಳಗೆ ಸೇರಿಕೊಳ್ಳುತ್ತವೆ, ಸಕ್ಕರೆ ತುದಿಗಳು ಹೊರಗೆ ಉಳಿಯುತ್ತವೆ. ಹೀಗೆ ಕೂಡಿ ಆಗೋದೇ ನೀವು ಕೇಳಿದ ಕಣ. ಬಟ್ಟೆ ಸೋಪಿನ ಅಣುಗಳೂ ನೀರಲ್ಲಿ ಇದನ್ನೇ ಮಾಡುತ್ತವೆ, ಯಾರೂ ಕೂತು ಜೋಡಿಸಬೇಕಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವರ್ಜಿಲ್ ಪರ್ಸೆಕ್ ಅವರ ತಂಡ ಇಂಥ ಅಣುಗಳ ಮೇಲೆ ತುಂಬಾ ಕೆಲಸ ಮಾಡಿದೆ.

ಸಕ್ಕರೆಯೇ ಯಾಕೆ ಅಂದರೆ, ನಮ್ಮ ಜೀವಕೋಶಗಳ ಮೈಮೇಲೆಲ್ಲ ಸಕ್ಕರೆಯ ಸರಪಳಿಗಳಿವೆ, ಅವನ್ನು ಗುರುತು ಹಿಡಿಯೋಕೆ ಅಂತಲೇ ಲೆಕ್ಟಿನ್ ಅನ್ನುವ ಪ್ರೋಟೀನ್‌ಗಳಿವೆ. ನಿಮ್ಮ ಮನೇಲಿ ಹುರುಳಿ ಸಾರು ಮಾಡ್ತಾರಲ್ವಾ, ಆ ಹುರುಳಿಕಾಳಲ್ಲೂ ಒಂದು ಲೆಕ್ಟಿನ್ ಇದೆ. ಎ ಗುಂಪಿನ ರಕ್ತದ ಗುರುತೂ ಕೆಂಪುಕಣದ ಮೈಮೇಲಿನ ಸಕ್ಕರೆಯೇ, ಆ ಗುಂಪಿನಲ್ಲೇ ಎ1, ಎ2 ಅಂತ ಬಗೆಗಳಿವೆ. ಹುರುಳಿ ಲೆಕ್ಟಿನನ್ನು ಹದವಾಗಿ ತೆಳುಮಾಡಿ ಹಾಕಿದರೆ ಎ1 ರಕ್ತದ ಕೆಂಪುಕಣಗಳು ಒಂದಕ್ಕೊಂದು ಅಂಟಿ ಗುಂಪುಗೂಡುತ್ತವೆ, ಎ2 ಸುಮ್ನೆ ಹಾಗೇ ಇರುತ್ತದೆ. ಬ್ಲಡ್ ಬ್ಯಾಂಕ್‌ಗಳಲ್ಲಿ ಎರಡನ್ನೂ ಬೇರೆ ಮಾಡಲು ಇದನ್ನು ಬಳಸುತ್ತಾರೆ. ನನಗಂತೂ ಇದಕ್ಕಿಂತ ಚೆಂದದ ಉದಾಹರಣೆ ಬೇರೆ ಇಲ್ಲ.

ಆದರೆ ಒಂದೇ ಒಂದು ಸಕ್ಕರೆಯ ಹಿಡಿತ ತೀರಾ ಸಡಿಲ. ಹೊಲದ ಬದುವಿನಲ್ಲಿ ಪಂಚೆಗೆ ಅಂಟಿದ ಉತ್ತರಾಣಿ ಬೀಜ ಒಂದಿದ್ದರೆ ಕೊಡವಿದರೆ ಬೀಳುತ್ತದೆ, ಅಂಚಿಗೆಲ್ಲ ಹತ್ತಿಕೊಂಡರೆ ಬಿಡಿಸೋಕೆ ಕೂರಬೇಕಾಗುತ್ತದೆ. ಕಣದ ಮೇಲೆ ಸಕ್ಕರೆಗಳನ್ನು ಒತ್ತಾಗಿ ಇಡೋದು ಇದೇ ಕಾರಣಕ್ಕೆ.

ಲ್ಯಾಬ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮ್ಯಾನೋಸ್ ಹೊದ್ದ ಕಣಗಳಿರುವ ತಿಳಿ ನೀರಿಗೆ ಜ್ಯಾಕ್‌ಬೀನ್ ಕಾಳಿನ ಕಾನ್‌ಕ್ಯಾನವಾಲಿನ್-ಎ ಅನ್ನುವ ಲೆಕ್ಟಿನ್ ಹಾಕುತ್ತಾರೆ. ಅದಕ್ಕೆ ಸಕ್ಕರೆ ಹಿಡಿಯುವ ಜಾಗ ನಾಲ್ಕು, ಹಾಗಾಗಿ ಒಂದು ಕಣವನ್ನು ಇನ್ನೊಂದಕ್ಕೆ ಕಟ್ಟುತ್ತಾ ಹೋಗುತ್ತದೆ, ನೀರು ಮಬ್ಬಾಗುತ್ತದೆ. ಆಮೇಲೆ ಬಿಡಿ ಮ್ಯಾನೋಸ್ ಜಾಸ್ತಿ ಸುರಿದರೆ ಲೆಕ್ಟಿನ್ ಅದನ್ನು ಹಿಡಿದು ಕಣಗಳನ್ನು ಬಿಡುತ್ತದೆ, ಮಬ್ಬು ಇಳಿಯುತ್ತದೆ. ಈ ಎರಡನೇ ಹೆಜ್ಜೆಯನ್ನು ನಿಮ್ಮ ಮೇಷ್ಟ್ರ ಹತ್ತಿರ ಕೇಳಿ ನೋಡಿ. ಹಿಡಿದದ್ದು ಸಕ್ಕರೆಯನ್ನೇ ಅನ್ನೋದು ಖಾತ್ರಿಯಾಗೋದು ಅಲ್ಲೇ.

ಪ್ರಶ್ನೆ: ಇದರಿಂದ ಔಷಧಿ ಏನಾದರೂ ಬಂದಿದೆಯಾ? ನಮ್ಮ ತಂದೆಗೆ ಶುಗರ್ ಇದೆ, ಇಂಥ ಔಷಧಿಯಿಂದ ಜಾಸ್ತಿ ಆಗಲ್ವಾ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಇದೇ ಹಿಡಿತವನ್ನು ಬಳಸುವ ಔಷಧಿ ಇದೆ. ಕೊಲೆಸ್ಟ್ರಾಲ್ ಇಳಿಸುವ ಇನ್‌ಕ್ಲಿಸಿರಾನ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2021ರಲ್ಲಿ ಅನುಮತಿ ಸಿಕ್ಕಿತು. ಅದು ಕಣವಲ್ಲ, ಔಷಧಿಯ ಅಣುವಿನ ಬಾಲಕ್ಕೇ ಸಕ್ಕರೆ ಕಟ್ಟಿದ್ದಾರೆ, ಪಿತ್ತಜನಕಾಂಗದ ಜೀವಕೋಶದ ಪ್ರೋಟೀನ್ ಅದನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಒಂದು ಡೋಸ್‌ನಲ್ಲಿ ಔಷಧಿಯೇ 300 ಮಿಲಿಗ್ರಾಂಗಿಂತ ಕಡಿಮೆ, ಸಕ್ಕರೆ ಅದರಲ್ಲೊಂದು ಪಾಲು. ಮೊದಲೆರಡು ಡೋಸ್ ಆದಮೇಲೆ ಕೊಡೋದು ಆರು ತಿಂಗಳಿಗೊಮ್ಮೆ. ಒಂದು ತುತ್ತು ಅನ್ನದ ಮುಂದೆ ಆ ಸಕ್ಕರೆ ಲೆಕ್ಕಕ್ಕೇ ಇಲ್ಲ. ನಿಮ್ಮ ತಂದೆಗೆ ಅದು ಬೇಕೋ ಬೇಡವೋ ಅನ್ನೋದನ್ನು ಮಾತ್ರ ಅವರ ರಿಪೋರ್ಟ್ ನೋಡಿದ ಡಾಕ್ಟರೇ ಹೇಳಬೇಕು.