ದಕ್ಷಿಣ ದಿಕ್ಕಿಗೆ ಆ ಹೆಸರು ಯಾಕೆ ಬಂತು?

ದಕ್ಷಿಣ ಅಂದ್ರೆ ಸಂಸ್ಕೃತದಲ್ಲಿ ಬಲಗಡೆ ಅಂತಾನೂ ಅರ್ಥ ಇದೆ, ಸೂರ್ಯ ಹುಟ್ಟೋ ಕಡೆ ಮುಖ ಮಾಡಿ ನಿಂತ್ರೆ ಬಲಗೈ ಯಾವ ಕಡೆ ಇರತ್ತೋ ಆ ದಿಕ್ಕಿಗೇ ದಕ್ಷಿಣ ಅನ್ನೋ ಹೆಸರು ಅಂಟ್ಕೊಂಡ್ತು. ಪೂರ್ವ ಅಂದ್ರೆ ಮುಂದಿರೋದು, ಪಶ್ಚಿಮ ಅಂದ್ರೆ ಹಿಂದಿರೋದು, ಅದೂ ಇದೇ ಲೆಕ್ಕ. ದೇವರನ್ನ ಬಲಗಡೆ ಇಟ್ಕೊಂಡು ಸುತ್ತೋದಕ್ಕೇ ಪ್ರದಕ್ಷಿಣೆ ಅನ್ನೋದು. ಲ್ಯಾಟಿನ್‌ನಲ್ಲಿ ಬಲಕ್ಕೆ ಡೆಕ್ಸ್ಟರ್ ಅಂತಾರಲ್ಲ, ಅದೂ ಇದರ ದೂರದ ನೆಂಟನೇ, ಮಜಾ ಅಲ್ವಾ! ಇದೇ ಪದ ಪ್ರಾಕೃತದಲ್ಲಿ ದಕ್ಖಿಣ ಆಗಿ, ಆಮೇಲೆ ದಖ್ಖನ್ ಆಗಿ, ಇಂಗ್ಲಿಷ್‌ನವರ ಬಾಯಲ್ಲಿ ಡೆಕ್ಕನ್ ಆಯ್ತು, ಡೆಕ್ಕನ್ ಪ್ರಸ್ಥಭೂಮಿ ಅಂತೀವಲ್ಲ ಅದೇ. ಅಚ್ಚಕನ್ನಡದ ಪದ ಬೇಕಿದ್ರೆ ತೆಂಕಣ ಇದೆ, ನಂಗಂತೂ ಅದೇ ಚೆಂದ ಅನ್ಸತ್ತೆ.