ಕೆಂಪು ಸುಲಭ, ನೀಲಿ ಸುಲಭ, ಬಿಳಿಯದೇ ಪಾಡು

ನಾಲ್ಕು ಪ್ರಶ್ನೆ ಒಟ್ಟಿಗೇ ಕೇಳಿದ್ದೀಯ. ಜುಲೈ 4ಕ್ಕೆ, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನಕ್ಕೆ, ನಿಮ್ಮ ಯಜಮಾನರ ಆಫೀಸಿನವರೊಬ್ಬರ ಹಿತ್ತಲಲ್ಲಿ ಪಾಟ್‌ಲಕ್, ಅಂದರೆ ಎಲ್ಲರೂ ಒಂದೊಂದು ಪದಾರ್ಥ ತರೋ ಊಟ, 25 ಜನ, ಯಾರು ಏನು ತರಬೇಕು ಅನ್ನೋ ಪಟ್ಟಿಯಲ್ಲಿ ನಿನ್ನ ಪಾಲಿಗೆ ಕೆಂಪು-ಬಿಳಿ-ನೀಲಿ ಫ್ರೂಟ್ ಸಲಾಡ್ ಬಂದಿದೆ, ಹೇಗೆ ಮಾಡೋದು ಅಕ್ಕಾ? ನಮ್ಮ ಕಸ್ಟರ್ಡ್ ಹಾಕಿದ ಫ್ರೂಟ್ ಸಲಾಡನ್ನೇ ಒಯ್ದರೆ ಆಗಲ್ವಾ? ಬಾವುಟದ ಬಣ್ಣ ತಿನ್ನೋದು ತಪ್ಪಲ್ವಾ? ಮತ್ತೆ, ಊರು ಬಿಟ್ಟು ಬಂದ ಈ ಬೇಜಾರು ಯಾವಾಗ ಹೋಗುತ್ತೆ?

ಕೊನೇದಕ್ಕೆ ಮೊದಲು ಉತ್ತರ. ಒಂದು ಚಳಿಗಾಲ ದಾಟಲಿ, ಡ್ರೈವಿಂಗ್ ಲೈಸೆನ್ಸ್ ಕೈಗೆ ಬರಲಿ. ಅದಕ್ಕಿಂತ ಹೆಚ್ಚು ಹೇಳೋಕೆ ನನಗೂ ಬರಲ್ಲ.

ಬಾವುಟದ ಪ್ರಶ್ನೆ ಊರಿಂದ ಬಂದವರು ಕೇಳೇ ಕೇಳ್ತಾರೆ. ನಮ್ಮಲ್ಲಿ 1971ರ ಕಾನೂನು ಇದೆ, ಧ್ವಜ ನೆಲ ಮುಟ್ಟಿದರೆ ಜೀವ ಚುರ್ ಅನ್ನುತ್ತೆ. ಇಲ್ಲಿಯ ಬಾವುಟದ ನಿಯಮ, ಅಂದರೆ ಫ್ಲ್ಯಾಗ್ ಕೋಡ್‌ನಲ್ಲೂ, ಪೇಪರ್ ನ್ಯಾಪ್ಕಿನ್‌ನಂಥ, ಬಳಸಿ ಬಿಸಾಡೋ ವಸ್ತುಗಳ ಮೇಲೆ ಬಾವುಟ ಅಚ್ಚು ಹಾಕಬಾರದು ಅಂತಲೇ ಬರೆದಿದೆ. ಆದರೆ ಪಾಲಿಸದವರಿಗೆ ಶಿಕ್ಷೆ ಇಲ್ಲ, ಅವತ್ತು ನಿನ್ನ ಕೈಗೆ ಕೊಡೋ ನ್ಯಾಪ್ಕಿನ್ ಮೇಲೇ ನಕ್ಷತ್ರ ಪಟ್ಟೆ ಎಲ್ಲಾ ಇರುತ್ತೆ. ಮನಸ್ಸಿಗೆ ಒಗ್ಗದಿದ್ದರೆ ಬಾವುಟದ ಆಕಾರದಲ್ಲಿ ಜೋಡಿಸೋ ಟ್ರೇ ಬಿಡು, ಬೋಗುಣಿಯಲ್ಲಿ ಮೂರು ಬಣ್ಣದ ಹಣ್ಣು ಹಾಕು. ಯಾರಿಗೂ ನೋವಿಲ್ಲ.

ಕಸ್ಟರ್ಡ್ ಬೇಡ. ರುಚಿಗೆ ಅದನ್ನು ಮೀರಿಸೋದು ಇಲ್ಲಿ ಯಾವುದೂ ಇಲ್ಲ, ಒಪ್ಪಿದೆ. ಆದರೆ ನ್ಯೂಜೆರ್ಸಿ ಜುಲೈಯ ಮಧ್ಯಾಹ್ನ 90 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 32, ಮುಟ್ಟೋದು ಸಾಮಾನ್ಯ. ಆ ಬಿಸಿಲಲ್ಲಿ ಹಾಲಿನ ಪದಾರ್ಥ ಮೇಜಿನ ಮೇಲೆ ಕೂರೋದು ಸರಿಯಲ್ಲ. ಮೇಲಾಗಿ ಅದು ಹಳದಿ. ಕನ್ನಡ ಸಂಘದ ಊಟಕ್ಕೆ ಇಟ್ಟುಕೋ. ಆಗಸ್ಟ್ 15ಕ್ಕೆ ತ್ರಿವರ್ಣ ಮಾಡೋ ಆಸೆ ಬಂದರೆ ಒಂದು ಮಾತು ನೆನಪಿರಲಿ: ಕಿವಿ ಹಣ್ಣು, ಪಪ್ಪಾಯಿ, ಹಸಿ ಅನಾನಸ್ ಈ ಮೂರರಲ್ಲೂ ಹಾಲಿನ ಪ್ರೋಟೀನ್ ಒಡೆಯೋ ಕಿಣ್ವ ಇದೆ. ಕಸ್ಟರ್ಡಿಗೋ ಮೊಸರಿಗೋ ಬೆರೆಸಿಟ್ಟರೆ ಸ್ವಲ್ಪ ಹೊತ್ತಿಗೆ ಕಹಿ ಹತ್ತುತ್ತೆ.

ಈಗ ಸಲಾಡ್. ನಾನು ಬಂದ ಮೊದಲ ಜುಲೈಯಲ್ಲಿ ಹಿಂದಿನ ರಾತ್ರಿಯೇ ಹೆಚ್ಚಿ, ಸಕ್ಕರೆ ಹಾಕಿ ಕಲಸಿಟ್ಟಿದ್ದೆ. ಬೆಳಿಗ್ಗೆ ಬಾಳೆಹಣ್ಣು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ನಿನಗೆ ಅದಾಗದಿರಲಿ ಅಂತ ಇಷ್ಟುದ್ದ ಬರೀತಿದ್ದೀನಿ.

25 ಜನ ಅಂದರೆ ತಲೆಗೆ ಅರ್ಧ ಕಪ್ ಲೆಕ್ಕ, ಒಟ್ಟು 12-13 ಕಪ್ ಸಾಕು. ಬೇರೆ ಹತ್ತು ಪದಾರ್ಥ ಇರುತ್ತೆ. ಸ್ಟ್ರಾಬೆರಿ 2 ಪೌಂಡ್, ಅಂದರೆ 900 ಗ್ರಾಂ ಹತ್ತಿರ. ಬ್ಲೂಬೆರಿ 2 ಪೈಂಟ್ ಡಬ್ಬಿ, ಒಂದು ಪೈಂಟ್ ಅಂದರೆ ಸುಮಾರು ಎರಡು ಕಪ್. ಬಿಳಿಯದು ನಾಲ್ಕು ಕಪ್, ಅದರ ಕಥೆ ಮುಂದೆ. ಕಲ್ಲಂಗಡಿ ಹಾಕಬೇಡ. ಅದು ನೀರು ಬಿಡೋದನ್ನು ನಿಲ್ಲಿಸೋದೇ ಇಲ್ಲ, ಅಲ್ಲದೆ ಯಾರಾದರೂ ಒಬ್ಬರು ತ್ರಿಕೋನ ಹೋಳು ಮಾಡಿ ತಂದೇ ತರ್ತಾರೆ. ಹಾಕಲೇಬೇಕು ಅಂದರೆ ಹೊರಸಿಪ್ಪೆಯನ್ನು ಮೊದಲು ಚೆನ್ನಾಗಿ ಉಜ್ಜಿ ತೊಳೆದು ಹೆಚ್ಚು, ಇಲ್ಲದಿದ್ದರೆ ಸಿಪ್ಪೆ ಮೇಲಿನದೆಲ್ಲ ಚಾಕುವಿನ ಜೊತೆ ಒಳಗೆ ಹೋಗುತ್ತೆ. ಹೋಳನ್ನು ತೂತಿನ ಪಾತ್ರೆಗೆ ಹಾಕಿ ಅರ್ಧ ಗಂಟೆ ಫ್ರಿಜ್‌ನಲ್ಲಿ ಬಸಿಯೋಕೆ ಬಿಡು.

ನೀಲಿಯಲ್ಲಿ ತಲೆನೋವಿಲ್ಲ. ಬ್ಲೂಬೆರಿ ಈ ರಾಜ್ಯದ ಹೆಮ್ಮೆ. ಕಾಡಲ್ಲಿ ಬೆಳೀತಿದ್ದ ಗಿಡವನ್ನು ಒಗ್ಗಿಸಿ ತೋಟದ ಬೆಳೆ ಮಾಡಿದ್ದು ಇಲ್ಲಿಯ ವೈಟ್ಸ್‌ಬಾಗ್‌ನಲ್ಲಿ, ಎಲಿಜಬೆತ್ ವೈಟ್ ಅನ್ನೋ ಹೆಂಗಸು ಮತ್ತು ಫ್ರೆಡೆರಿಕ್ ಕೋವಿಲ್ ಅನ್ನೋ ಸಸ್ಯವಿಜ್ಞಾನಿ ಸೇರಿ. 1916ರಲ್ಲಿ ಮೊದಲ ಫಸಲು ಮಾರಾಟಕ್ಕೆ ಬಂತು. ಹ್ಯಾಮಂಟನ್ ಊರಿನ ಸುತ್ತಮುತ್ತ ಜುಲೈ ಮೊದಲ ವಾರ ಅದರ ಸುಗ್ಗಿ. ಹಣ್ಣಿನ ಮೇಲೆ ವಿಭೂತಿ ಬಳಿದ ಹಾಗೆ ಬೂದು ಪುಡಿ ಇರುತ್ತಲ್ಲ, ಅದು ಧೂಳಲ್ಲ, ಹಣ್ಣಿನದೇ ಮೇಣ. ನೀಲಿ ಕಾಣೋದು ಆ ಮೇಣದಿಂದ. ಗಸಗಸ ಉಜ್ಜಿ ತೊಳೆದರೆ ನೇರಳೆಹಣ್ಣಿನ ಹಾಗೆ ಕಪ್ಪಗಾಗುತ್ತೆ. ಹೊರಡೋ ದಿನ ಬೆಳಿಗ್ಗೆ ತಣ್ಣೀರಲ್ಲಿ ಒಮ್ಮೆ ಅದ್ದಿ ತೆಗೆದು, ಹತ್ತಿ ಟವೆಲ್ ಮೇಲೆ ಹರವು, ತಾನಾಗಿ ಆರಲಿ. ಹೆಚ್ಚಬೇಡ. ಇಡೀ ಹಣ್ಣು ಬಣ್ಣ ಬಿಡಲ್ಲ. ಅಗ್ಗ ಅಂತ ಫ್ರೋಜನ್ ತರಬೇಡ, ಕರಗುವಾಗ ಸಿಪ್ಪೆ ಒಡೆದು ಪಾತ್ರೆಯೆಲ್ಲ ನೇರಳೆ ಆಗುತ್ತೆ. ಬ್ಲ್ಯಾಕ್‌ಬೆರಿಯೂ ಅಷ್ಟೇ, ಮುಟ್ಟಿದರೆ ರಸ ಬಿಡುತ್ತೆ.

ಕೆಂಪು. ಇಲ್ಲಿಯ ಹೊಲದ ಸ್ಟ್ರಾಬೆರಿ ಜೂನ್‌ಗೇ ಮುಗಿದಿರುತ್ತೆ, ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಕ್ಯಾಲಿಫೋರ್ನಿಯಾದ್ದು. ಡಬ್ಬಿ ತಿರುಗಿಸಿ ತಳ ನೋಡಿ ತಗೋ, ಬೂಸಲು ಅಲ್ಲೇ ಅಡಗಿರೋದು. ತೊಟ್ಟು ಇರುವಾಗಲೇ ತೊಳಿ, ಆರಿಸು, ಆಮೇಲೆ ತೊಟ್ಟು ತೆಗಿ. ಮೊದಲೇ ತೆಗೆದರೆ ಆ ಗುಳಿಯಲ್ಲಿ ನೀರು ನಿಲ್ಲುತ್ತೆ. ಸಣ್ಣದು ಎರಡು ಹೋಳು, ದೊಡ್ಡದು ನಾಲ್ಕು. ತೆಳ್ಳಗೆ ಬಿಲ್ಲೆ ಮಾಡಬೇಡ, ಕೊಯ್ದ ಮೈ ಜಾಸ್ತಿ ಆದಷ್ಟೂ ರಸ ಜಾಸ್ತಿ ಸೋರುತ್ತೆ. ಹೆಚ್ಚೋದು ಹೊರಡೋ ಎರಡು ಗಂಟೆ ಮೊದಲು, ಹಿಂದಿನ ರಾತ್ರಿ ಅಲ್ಲ.

ಸಕ್ಕರೆ ಒಂದು ಚಮಚವೂ ಬೇಡ. ಸೌತೆಕಾಯಿ ಕೋಸಂಬರಿಗೆ ಉಪ್ಪು ಯಾವಾಗ ಹಾಕ್ತೀವಿ? ಎಲೆ ಹಾಕಿದ ಮೇಲೆ, ಬಡಿಸೋಕೆ ಮುಂಚೆ. ಮೊದಲೇ ಹಾಕಿದರೆ ಬೇಳೆ ನೀರಲ್ಲಿ ತೇಲುತ್ತೆ. ಸೌತೆಕಾಯಿಗೆ ಉಪ್ಪು ಮಾಡೋದನ್ನೇ ಸ್ಟ್ರಾಬೆರಿಗೆ ಸಕ್ಕರೆ ಮಾಡುತ್ತೆ. ಎರಡು ಟೇಬಲ್ ಸ್ಪೂನ್ ಹಾಕಿ ಅರ್ಧ ಗಂಟೆ ಬಿಡು, ತಳದಲ್ಲಿ ಕೆಂಪು ಪಾನಕ ನಿಂತಿರುತ್ತೆ, ಪಕ್ಕದಲ್ಲಿದ್ದ ಬಿಳಿಯೆಲ್ಲ ಅದನ್ನು ಹೀರಿಕೊಂಡಿರುತ್ತೆ.

ಬಿಳಿಯದೇ ಪಾಡು ಅಂದಿದ್ದು ಇದಕ್ಕೆ. ನಿಜವಾಗಿ ಬಿಳಿ ಇರೋ ಹಣ್ಣು ಕಡಿಮೆ, ಇದ್ದದ್ದೂ ಬಿಳಿಯಾಗಿ ಉಳಿಯಲ್ಲ. ಬಾಳೆಹಣ್ಣು ಅರ್ಧ ಗಂಟೆಯಲ್ಲಿ ಕಂದು ತಿರುಗೋಕೆ ಶುರು. ನಿಂಬೆರಸ ಸವರಿದರೆ ಇನ್ನೊಂದು ಗಂಟೆ ತಳ್ಳಬಹುದು, ಅಷ್ಟೇ, ಆಮೇಲೆ ಅಂಟಂಟು. ಸೇಬು ಪರವಾಗಿಲ್ಲ: ಸಿಪ್ಪೆ ತೆಗೆದು ಹೋಳು ಮಾಡಿ, ಒಂದು ಕಪ್ ನೀರಿಗೆ ಅರ್ಧ ಟೀ ಚಮಚ ಉಪ್ಪಿನ ಲೆಕ್ಕದಲ್ಲಿ ಹತ್ತು ನಿಮಿಷ ನೆನೆಸಿ, ತಣ್ಣೀರಲ್ಲಿ ಜಾಲಿಸು. ಉಪ್ಪು ಬಾಯಿಗೆ ಗೊತ್ತಾಗಲ್ಲ, ಮಧ್ಯಾಹ್ನದವರೆಗೆ ಬಣ್ಣ ನಿಲ್ಲುತ್ತೆ. ಡಬ್ಬಿಯಲ್ಲಿ ಬರೋ ಲಿಚಿ ಏಷ್ಯನ್ ಅಂಗಡಿಯಲ್ಲಿ ಸಿಗುತ್ತೆ, ಪಾಕ ಪೂರ್ತಿ ಬಸಿದು ಹಾಕಿದರೆ ಒಳ್ಳೆ ಬಿಳಿ. ಅಲ್ಲೇ ಫ್ರೀಜರ್‌ನಲ್ಲಿ ಎಳನೀರಿನ ಗಂಜಿಯೂ ಸಿಗುತ್ತೆ. ಅದನ್ನು ನೋಡಿದಾಗ ಸಲಾಡ್ ನೆನಪಾಗಲ್ಲ, ಕೊಚ್ಚಿ ಕೊಡೋ ಗಾಡಿ ನೆನಪಾಗುತ್ತೆ, ಆ ಮಾತು ಬೇರೆ.

ನನ್ನ ಕೇಳಿದರೆ ಹಿಕಮ ತಗೋ. ಅಂಗಡಿಯ ಚೀಟಿಯಲ್ಲಿ ಜೆ ಅಕ್ಷರದಿಂದ ಬರೆದಿರುತ್ತೆ, ಹೇಳೋದು ಹಿಕಮ. ನೋಡೋಕೆ ಮಣ್ಣುಬಣ್ಣದ ಗೆಡ್ಡೆ, ಒಳಗೆ ಸುಣ್ಣದ ಹಾಗೆ ಬಿಳಿ. ಹಸಿಯಾಗಿ ತಿನ್ನೋದು, ಕರುಮ್ ಅನ್ನುತ್ತೆ, ಸಿಹಿ ಕಡಿಮೆ. ಹೆಚ್ಚಿಟ್ಟರೆ ಕಂದಾಗಲ್ಲ, ನೀರು ಬಿಡಲ್ಲ. ಸಿಪ್ಪೆ ತಿನ್ನಬಾರದು, ಪೀಲರ್ ಬೇಡ, ಚಾಕುವಿನಲ್ಲೇ ದಪ್ಪಗೆ ಕೆತ್ತು, ಸಿಪ್ಪೆಯ ಕೆಳಗಿನ ನಾರಿನ ಪದರವೂ ಹೋಗಬೇಕು. ಕಾಲು ಇಂಚು ದಪ್ಪಕ್ಕೆ ಬಿಲ್ಲೆ ಮಾಡಿ, ಒಂದೂವರೆ ಇಂಚಿನ ನಕ್ಷತ್ರದ ಕಟರ್ ಒತ್ತಿದರೆ ಚೂಪು ಮೂಲೆಯ ನಕ್ಷತ್ರ ಬರುತ್ತೆ. ದಪ್ಪ ಬಿಲ್ಲೆಗೆ ಕಟರ್ ಇಳಿಯಲ್ಲ, ಮೂಲೆ ಮುರಿಯುತ್ತೆ. ಮಿಕ್ಕ ಚೂರನ್ನು ಎಸೀಬೇಡ, ಸಣ್ಣಗೆ ಕೊಚ್ಚಿ ಹೆಸರುಬೇಳೆ ಕೋಸಂಬರಿಗೆ ಹಾಕು, ಸೌತೆಕಾಯಿಗಿಂತ ಚೆನ್ನಾಗಿರುತ್ತೆ. ಒಂದು ಮಧ್ಯಮ ಗೆಡ್ಡೆ, ಎರಡು ಸೇಬು ಸೇರಿದರೆ ನಿನ್ನ ನಾಲ್ಕು ಕಪ್ ಆಯ್ತು.

ಇಲ್ಲಿಯವರಿಗೆ ಬಿಳಿ ಅಂದರೆ ಮೊದಲು ನೆನಪಾಗೋದು ಮಾರ್ಷ್‌ಮ್ಯಾಲೋ. ಪುಟ್ಟ ಪುಟ್ಟ ಹತ್ತಿ ಉಂಡೆ ಥರದ ಮಿಠಾಯಿ, ಅಗ್ಗ, ಚೀಲ ಒಡೆದು ಸುರಿದರೆ ಮುಗೀತು. ಅದರಲ್ಲಿ ಜೆಲಟಿನ್ ಇದೆ. ಜೆಲಟಿನ್ ಅಂದರೆ ಹಂದಿಯದೋ ದನದ್ದೋ ಚರ್ಮ, ಮೂಳೆ ಬೇಯಿಸಿ ತೆಗೆದದ್ದು. ಇದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಣ್ಣಿನ ಸಲಾಡಿನಲ್ಲಿ ಮಾಂಸದ ಅಂಶ ಇದ್ದೀತು ಅಂತ ಯಾರಿಗೆ ತಾನೇ ಹೊಳೆಯುತ್ತೆ? ಗೊತ್ತಾದ ಮೇಲೂ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಲಿಲ್ಲ. ಆ ಒಂದು ಮಾತು ಹಾಗೇ ಉಳಿದುಬಿಟ್ಟಿತು.

ನೀನು ಬೆಳೆದದ್ದು ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ನೋಡಿಕೊಂಡು. ಇಲ್ಲಿ ಆ ಚುಕ್ಕಿ ಇಲ್ಲ. ಹಿಂಬದಿಯ ಸಣ್ಣ ಅಕ್ಷರದ ಪಟ್ಟಿಯನ್ನು ಕೊನೆವರೆಗೆ ಓದಬೇಕು. ಕೋಶರ್ ಗುರುತು ನೋಡಿ ಸಮಾಧಾನ ಪಡಬೇಡ, ಅದು ಯಹೂದಿಗಳ ಆಹಾರ ನಿಯಮದ ಗುರುತು. ಮೀನಿನ ಜೆಲಟಿನ್ ಇದ್ದರೂ ಅದು ಸಿಗುತ್ತೆ. ಕೆಲವು ಫ್ಲೇವರ್ ಮೊಸರಿನಲ್ಲೂ ಜೆಲಟಿನ್ ಇರುತ್ತೆ. ಪಾಟ್‌ಲಕ್ ಮೇಜಿನ ಮೇಲೆ ಗುಲಾಬಿಯೋ ಹಸಿರೋ ಬಣ್ಣದಲ್ಲಿ ನೊರೆನೊರೆಯಾಗಿ ಹಣ್ಣು ಕಲಸಿದ್ದು ಕಂಡರೆ, ಅಂಬ್ರೋಸಿಯಾ ಅಂತಲೋ ಫ್ಲಫ್ ಅಂತಲೋ ಹೆಸರು ಹೇಳಿದರೆ, ಮಾರ್ಷ್‌ಮ್ಯಾಲೋ ಇದೆ ಅಂತಲೇ ತಿಳಿ. ಅಲುಗಾಡೋ ಜೆಲ್ಲಿಯಲ್ಲೂ ಜೆಲಟಿನ್ನೇ. ತಂದವರನ್ನು ಕೇಳೋಕೆ ಸಂಕೋಚ ಬೇಡ. ಇಲ್ಲಿ ಯಾರೂ ತಪ್ಪು ತಿಳಿಯಲ್ಲ, ಅಲರ್ಜಿ ಇರೋರು ದಿನಾ ಕೇಳ್ತಾರೆ. ಜೆಲಟಿನ್ ಇಲ್ಲದ ವೀಗನ್ ಮಾರ್ಷ್‌ಮ್ಯಾಲೋ ಸಿಗುತ್ತೆ, ಆದರೆ ರಸ ತಾಗಿದರೆ ಅದೂ ಲೊಳೆಯಾಗುತ್ತೆ. ಹಿಕಮ ಇರುವಾಗ ಯಾಕೆ ಬೇಕು? ವಿಪ್ಡ್ ಕ್ರೀಮ್ ಬೇಕಾದವರಿಗೆ ಪಕ್ಕದಲ್ಲಿ ಬೇರೆ ಬಟ್ಟಲಲ್ಲಿ ಇಡು. ಸಲಾಡಿಗೆ ಬೆರೆಸಿದರೆ ಬಿಸಿಲಿಗೆ ಕರಗಿ ಹಾಲಾಗುತ್ತೆ.

ರಸಕ್ಕೆ: ಹಸಿರು ನಿಂಬೆ ಎರಡರ ರಸ, ಸುಮಾರು 3 ಟೇಬಲ್ ಸ್ಪೂನ್, ಜೇನುತುಪ್ಪ 2 ಟೇಬಲ್ ಸ್ಪೂನ್, ಎರಡು ಏಲಕ್ಕಿ ಕುಟ್ಟಿದ ಪುಡಿ. ಹತ್ತು ಪುದೀನ ಎಲೆ ಬೇರೆ, ಕೊನೆಗೆ ಕೈಯಲ್ಲಿ ಹರಿದು ಹಾಕೋದು. ಏಲಕ್ಕಿ ಪಟ್ಟಿಯಲ್ಲಿ ಯಾರೂ ಬರೆದಿರಲ್ಲ, ಆದರೆ ಸ್ಟ್ರಾಬೆರಿಗೂ ಏಲಕ್ಕಿಗೂ ಚೆನ್ನಾಗಿ ಕೂಡುತ್ತೆ. ಇದರಲ್ಲೇನು ಹಾಕಿದ್ದೀಯ ಅಂತ ಕೇಳೇ ಕೇಳ್ತಾರೆ, ಬಾಳೆಹಣ್ಣಿನ ರಸಾಯನದ ಬುದ್ಧಿ ಅಂತ ಹೇಳು. ವರ್ಷ ತುಂಬದ ಮಗು ಇದ್ದರೆ ಜೇನು ಹಾಕಿದ್ದನ್ನು ಅದಕ್ಕೆ ಕೊಡಬಾರದು, ತಾಯಿಗೆ ತಿಳಿಸು.

ಒಯ್ಯೋದು ಹೇಗೆ ಅನ್ನೋದೇ ಅರ್ಧ ಕೆಲಸ. ಮೂರು ಬಣ್ಣ ಮೂರು ಡಬ್ಬಿ, ಐಸ್ ಹಾಕಿದ ಕೂಲರ್ ಒಳಗೆ. ರಸ ಒಂದು ಸಣ್ಣ ಬಾಟಲಿಯಲ್ಲಿ. ನಮ್ಮ ಸಂಘದ ಊಟಕ್ಕೆಲ್ಲ ಬಳಸೋ ಅಲ್ಯೂಮಿನಿಯಂ ಟ್ರೇಯಲ್ಲಿ ಹಣ್ಣು ಇಡಬೇಡ, ಹುಳಿ ತಾಗಿ ಲೋಹದ ವಾಸನೆ ಬರುತ್ತೆ. ಆ ಟ್ರೇಗೆ ಐಸ್ ತುಂಬಿ, ಅದರ ಮೇಲೆ ನಿನ್ನ ಗಾಜಿನ ಬೋಗುಣಿ ಕೂರಿಸು. ಊಟಕ್ಕೆ ಕರೆದಾಗ ಮಾತ್ರ ಕೂಡಿಸು: ಬಿಳಿಯದಕ್ಕೆ ರಸ ಹಾಕಿ ಕುಲುಕು, ಸ್ಟ್ರಾಬೆರಿ ಸೇರಿಸಿ ಕೆಳಗಿಂದ ಮೇಲೆ ಎರಡೇ ಸಲ ತಿರುವು, ಬ್ಲೂಬೆರಿ ಮೇಲಿಂದ ಚೆಲ್ಲು, ಪುದೀನ ಹರಿದು ಹಾಕು, ನಕ್ಷತ್ರ ಕಡೆಗೆ. ಅರ್ಧ ಮಾತ್ರ ಕೂಡಿಸು, ಉಳಿದರ್ಧ ಕೂಲರ್‌ನಲ್ಲೇ ಇರಲಿ. 90 ಡಿಗ್ರಿ ಮೀರಿದ ದಿನ ಹೆಚ್ಚಿದ ಹಣ್ಣು ಹೊರಗೆ ಒಂದು ಗಂಟೆ, ತಂಪಿನ ದಿನವಾದರೆ ಎರಡು ಗಂಟೆ. ಅದು ದಾಟಿದ್ದನ್ನು ಮನೆಗೆ ತರಬೇಡ. ಅನ್ನ ಚೆಲ್ಲಬಾರದು ಅಂತ ಬೆಳೆದ ಕೈಗೆ ಇದು ಕಷ್ಟ, ಗೊತ್ತು.

ಬಾವುಟದ ಟ್ರೇಯೇ ಬೇಕು ಅಂತ ಅವರು ಕೇಳಿದರೆ: 9 ಇಂಚು ಅಗಲ 13 ಇಂಚು ಉದ್ದದ ಗಾಜಿನ ಟ್ರೇ ಅಡ್ಡ ಇಟ್ಟು, ಮೇಲೆ ಎಡಮೂಲೆಯಲ್ಲಿ 5 ಇಂಚಿನ ಚೌಕ ಬ್ಲೂಬೆರಿ. ಬಾವುಟದಲ್ಲಿ 13 ಪಟ್ಟೆ ಇದೆ, ಈ ಟ್ರೇಯಲ್ಲಿ ಹಿಡಿಸಲ್ಲ, 7 ಮಾಡು. ಮೊದಲನೇದೂ ಕೊನೇದೂ ಕೆಂಪೇ ಬರಬೇಕು. ಒಂದು ಪಟ್ಟೆಗೆ ಒಂದೂಕಾಲು ಇಂಚು. ಮೇಲಿನ ನಾಲ್ಕು ಪಟ್ಟೆ ನೀಲಿ ಚೌಕದ ಪಕ್ಕ ನಿಲ್ಲುತ್ತವೆ, ಕೆಳಗಿನ ಮೂರು ಪೂರ್ತಿ ಉದ್ದ. ಸ್ಟ್ರಾಬೆರಿ ಕೊಯ್ದ ಮೈ ಕೆಳಗೆ ಮಾಡಿ ಜೋಡಿಸು, ಕೆಳಗೊಂದು ಪೇಪರ್ ಟವೆಲ್ ಇದ್ದರೆ ರಸ ಪಕ್ಕದ ಬಿಳಿಗೆ ಹರಿಯಲ್ಲ.

ಗೋಡಂಬಿ, ಬಾದಾಮಿ ಹಾಕಬೇಡ, ಅಲರ್ಜಿ ಇರೋರು ಇರಬಹುದು. ಜೊತೆಗೆ ಚಿತ್ರಾನ್ನ ಒಯ್ಯೋ ಯೋಚನೆ ಇದ್ದರೆ ಕಡಲೆಕಾಯಿ ಬೀಜ ಬಿಟ್ಟು ಮಾಡು, ಸೌಟು ಬೇರೆ ಬೇರೆ ಇರಲಿ. ಬೋಗುಣಿ ಪಕ್ಕ ದಪ್ಪ ಕಾಗದದಲ್ಲಿ ಒಂದು ಚೀಟಿ ಬರೆದಿಡು: ಹಣ್ಣು, ನಿಂಬೆ, ಜೇನು, ಏಲಕ್ಕಿ, ಪುದೀನ, ನಟ್ಸ್ ಇಲ್ಲ, ಜೆಲಟಿನ್ ಇಲ್ಲ. ದೊಡ್ಡ ಅಕ್ಷರದಲ್ಲಿ ಬರಿ. ಆ ಕೊನೆಯ ಎರಡು ಪದ ಓದಿ ಯಾರಾದರೂ ನೇರ ನಿನ್ನ ಬೋಗುಣಿಗೇ ಬಂದರೆ, ಅವರ ಫೋನ್ ನಂಬರ್ ಇಸ್ಕೊಂಡಿಟ್ಟುಕೋ.