ಮೆಲ್ಬೋರ್ನ್‌ಗೆ ಕಳಿಸಿದ ಅಂಗಿಗಳಿಗೆ ಸುಂಕ ಬಿದ್ದಿದ್ದು ಯಾಕೆ

ದಾವಣಗೆರೆಯಿಂದ ಮೆಲ್ಬೋರ್ನ್‌ಗೆ ಕಳಿಸಿದ ಹತ್ತಿ ಅಂಗಿಗಳಿಗೆ ಅಲ್ಲಿ ಶೇ 5 ಸುಂಕ ಬಿತ್ತು, ಯಾಕೆ ಅಂತ ಕೇಳಿದ್ದೀರಿ. ಬಹುಶಃ ನೀವು ಮಾಮೂಲಿ ಸರ್ಟಿಫಿಕೇಟ್ ಆಫ್ ಒರಿಜಿನ್ (ಸರಕು ಯಾವ ದೇಶದಲ್ಲಿ ತಯಾರಾಯ್ತು ಅಂತ ಹೇಳುವ ಪತ್ರ) ಕಳಿಸಿದ್ದೀರಿ. ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿದೆ, ಆದರೆ ಅದರ ಸುಂಕ ವಿನಾಯಿತಿ ತಾನಾಗಿ ಸಿಗುವುದಿಲ್ಲ. ಆ ಒಪ್ಪಂದದ ಹೆಸರಲ್ಲೇ ಪಡೆದ ಸರ್ಟಿಫಿಕೇಟ್ ಬೇಕು.

ಮೊದಲು ಎಚ್‌ಎಸ್ ಕೋಡ್ (ಸರಕು ಯಾವ ಬಗೆಯದು ಅಂತ ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ನೋಡಿ. ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್ (ರಫ್ತಿಗಾಗಿ ಕಸ್ಟಮ್ಸ್‌ಗೆ ಕೊಡುವ ದಾಖಲೆ), ಸರ್ಟಿಫಿಕೇಟ್ ಮೂರರಲ್ಲೂ ಒಂದೇ ಇರಬೇಕು. ನಾನು ಎಡವಿದ್ದೇ ಇಲ್ಲಿ. ಅಂಗಿ ಹೊಲಿದ ಬಟ್ಟೆ ಹೊರದೇಶದ್ದಾದರೆ, ಸರಕನ್ನು ಯಾವ ದೇಶದ್ದು ಅಂತ ಪರಿಗಣಿಸಬೇಕು ಅನ್ನುವ ಒಪ್ಪಂದದ ನಿಯಮಕ್ಕೆ ಅಂಗಿ ಹೊಂದುತ್ತದಾ ಅಂತಲೂ ನೋಡಿ. ಆಮೇಲೆ ನಿಮ್ಮ ಐಇಸಿ (ಆಮದು-ರಫ್ತು ನೋಂದಣಿ ಸಂಖ್ಯೆ) ಬಳಸಿ ಡಿಜಿಎಫ್‌ಟಿಯ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಿ. ಸುಮ್ನೆ ಏಜೆಂಟರ ಹಿಂದೆ ಓಡಬೇಡಿ.

ಹೋದ ಸರಕಿಗೂ ಸರ್ಟಿಫಿಕೇಟ್ ಕೊಡಬಹುದು, ಕಾರಣ ಬರೆದು ಕೇಳಿ. ಸಿಕ್ಕರೆ ಖರೀದಿದಾರರಿಗೆ ಕಳಿಸಿ. ಸುಂಕ ವಾಪಸ್ ಕೇಳಬೇಕಾದವರು ಅವರು, ನೀವಲ್ಲ.